ಕಲ್ಲು ಉಸಿರಾಡುವ ಹೊತ್ತು

ಕಮಾನು ಬಾಗಿಲಲ್ಲಿ ಹಿಡಿಸಲಿಲ್ಲ. ಜಮೀಲಾಬಿ ಒಂದು ತುದಿ, ಅವಳಪ್ಪ ರಸೂಲಸಾಬ ಇನ್ನೊಂದು ತುದಿ ಹಿಡಿದು, ಓರೆ ಮಾಡಿ, ಅದನ್ನು ಶಾಲೆಯ ಒಂಬತ್ತನೇ ಇಯತ್ತೆಯ ಕೋಣೆಯೊಳಗೆ ತಂದರು. ಆಳೆತ್ತರದ ಕಟ್ಟಿಗೆ, ಅದರ ಉದ್ದಕ್ಕೂ ಬಿಗಿದ ನರದ ತಂತಿ. ರಸೂಲಸಾಬ ಓಣಿ ಓಣಿ ತಿರುಗಿ ಗಾದಿಯ ಹತ್ತಿ ಹಿಂಜುವುದು ಇದರಿಂದಲೇ. ತಂತಿಗೆ ನಿನ್ನೆಯ ಹತ್ತಿಯ ಎಳೆಗಳು ಇನ್ನೂ ಅಂಟಿಕೊಂಡಿದ್ದವು.

"ಅಕ್ಕೋರ, ನಾಟಕದಾಗ ರಾಣಿಗೆ ಗಾದಿ ಹೊಲಿಯೂದೈತೇನ್ರಿ?" ಎಂದ ಅವಳ ತರಗತಿಯ ಗುಡದಪ್ಪ. ಇಡೀ ಕೋಣೆ ನಕ್ಕಿತು.

ನಾಟಕ ಮಾಡಿಸುತ್ತಿದ್ದ ಲಕ್ಷ್ಮವ್ವ ಅಕ್ಕೋರು ನಗಲಿಲ್ಲ. ಐದು ಮಂದಿ ಮಕ್ಕಳು ಒಂದೊಂದು ದೃಶ್ಯ ಬರೆದು ಕೂಡಿಸಿದ ನಾಟಕ ಅದು. ಕೊನೆಯ ದೃಶ್ಯ ಜಮೀಲಾಬಿಯದು. ಶಾಪದಿಂದ ಕಲ್ಲಾಗಿ ಬಿದ್ದ ಮಗನ ಪಕ್ಕದಲ್ಲಿ ತಾಯಿ ಹನ್ನೆರಡು ವರ್ಷ ಕೂತಿರುತ್ತಾಳೆ. ಒಂದು ಮಧ್ಯಾಹ್ನ ಆ ಕಲ್ಲು ಉಸಿರಾಡುತ್ತದೆ. ಅಲ್ಲಿ ಯಾರಿಗೂ ಒಂದು ಮಾತಿಲ್ಲ. 'ಇಲ್ಲಿ ಸಂಗೀತ' ಎಂದಷ್ಟೇ ಬರೆದಿದ್ದಳು. ಆದರೆ ಪೇಟಿ ನುಡಿಸಬೇಕಿದ್ದ ಮಾಸ್ತರರು ಅಣ್ಣಿಗೇರಿಗೆ ಕಂಪನಿ ನಾಟಕಕ್ಕೆ ಹೋದವರು ತಿರುಗಿ ಬಂದಿರಲಿಲ್ಲ. ಶನಿವಾರ ಸಂಶಿಯಲ್ಲಿ ನಾಲ್ಕು ಊರಿನವರ ಮುಂದೆ ಆಡಬೇಕು. ಗುರುವಾರದೊಳಗೆ ಸಂಗೀತ ಕೂಡಿಬರದಿದ್ದರೆ ಆ ಮೂಕ ದೃಶ್ಯವನ್ನು ತೆಗೆದೇಬಿಡುವುದು ಎಂದು ಅಕ್ಕೋರು ಹೇಳಿಯಾಗಿತ್ತು. ಇವತ್ತು ಗುರುವಾರ.

"ಇದರಾಗ ರಾಗ ಬರತೈತೇನವಾ?"

"ರಾಗ ಗೊತ್ತಿಲ್ಲರಿ ಅಕ್ಕೋರ. ಸದ್ದು ಬರತೈತಿ," ಎಂದಳು ಜಮೀಲಾಬಿ.

"ಸದ್ದು ನಮ್ಮ ಎಮ್ಮಿನೂ ಮಾಡತೈತಿ," ಎಂದ ಗುಡದಪ್ಪ. "ನಮ್ಮ ಕಾಕಾನ ಟೇಪ್‌ರೆಕಾರ್ಡರ್ ತರತೀನ್ರಿ, ಚಲೋ ಸಿನಿಮಾ ಹಾಡು ಹಚ್ಚೂಣು."

"ಲೇ, ನೀ ಕಲ್ಲಿನ ಪಾತ್ರದಾಂವ ಅದಿ. ಕಲ್ಲ ಮಾತಾಡಂಗಿಲ್ಲ. ಹೋಗಿ ಮಲಕೋ," ಎಂದರು ಅಕ್ಕೋರು.

ಗುಡದಪ್ಪ ಹೋಗಿ ಬರಿಯ ಫರ್ಸಿಗಲ್ಲಿನ ನೆಲದ ಮೇಲೆ ಅಂಗಾತ ಮಲಗಿ ಗೋಣಿಚೀಲ ಹೊದ್ದುಕೊಂಡ. ಇಷ್ಟು ದಿನದ ತಾಲೀಮಿನಲ್ಲಿ ಅವನು ಒಮ್ಮೆಯೂ ಸುಮ್ಮನೆ ಕಲ್ಲಾಗಿದ್ದಿಲ್ಲ. ಈಗಲೂ ಚೀಲದೊಳಗಿಂದ ಕಿಸಿಕಿಸಿ ಕೇಳುತ್ತಿತ್ತು. ರಸೂಲಸಾಬ ತೊಲೆಗೆ ಹಗ್ಗ ಹಾಕಿ ಕಮಾನು ತೂಗುಬಿಟ್ಟ. ಬುಡ ಫರ್ಸಿಗೆ ತಾಗುವಂತೆ ಇಳಿಸಿ, ಮಗಳ ಕೈಗೆ ಮರದ ಕೊಡತಿ ಕೊಟ್ಟು ಬಾಗಿಲ ಬಳಿ ಕೂತ.

ಜಮೀಲಾಬಿ ಬಡಿದಳು. ಟಂಯ್, ಟಂಯ್, ಟಂಯ್. ಓಣಿಯಲ್ಲಿ ದಿನಾ ಕೇಳುವ ಸದ್ದೇ. ಕೋಣೆಯಲ್ಲಿ ಮತ್ತೆ ನಗು ಎದ್ದಿತು. ಅದು ಅಡಗುವ ಮೊದಲೇ ಕಿಟಕಿಯಲ್ಲಿ ಒಂದು ಮುದಿ ಮುಖ ಕಂಡಿತು. ಶಾಲೆಯ ಬೆನ್ನಿಗಿದ್ದ ಮನೆಯ ದುಂಡವ್ವ. ಬಗಲಲ್ಲಿ ಎಣ್ಣೆ ಕುಡಿದು ಕರ್ರಗಾದ ಒಂದು ತಲೆದಿಂಬು. ಅವಳ ಹಿಂದೆ ಇಬ್ಬರು ಹೆಂಗಸರು ಸುತ್ತಿದ ಗಾದಿ ಹೊತ್ತು ನಿಂತಿದ್ದರು.

"ಸಾಲ್ಯಾಗ ಯಾಕ ಕುಂತೀಯೋ ರಸೂಲಾ? ನಮ್ಮ ಓಣಿ ಏನ್ ಪಾಪ ಮಾಡಿತ್ತು? ಮೊದಲ ನಂದು ಹಿಂಜು. ಅಗದಿ ಕಲ್ಲ ಆಗೇತಿ ಇದು."

ಹುಡುಗರು ಬೆಂಚು ಗುದ್ದಿ ನಕ್ಕರು. ಗೋಣಿಚೀಲ ಕುಣಿಯಿತು. ಅಕ್ಕೋರು ನಾಟಕದ ವಹಿ ತೆರೆದು ಕೊನೆಯ ಪುಟಕ್ಕೆ ಬಂದರು. ಪೆನ್ಸಿಲ್ ಕೈಯಲ್ಲೇ ಇತ್ತು. ರಸೂಲಸಾಬ ಎದ್ದು ಹಗ್ಗಕ್ಕೆ ಕೈಹಾಕಿದ. "ನಡಿ ಬೇಟಿ. ಬಿಚ್ಚತೀನಿ."

"ಬ್ಯಾಡ ಅಬ್ಬಾ. ಒಂದಽ ಸಲ."

ಜಮೀಲಾಬಿ ಕಣ್ಣು ಮುಚ್ಚಿದಳು. ಎಡಗೈಯನ್ನು ಕಟ್ಟಿಗೆಯ ಮೇಲೆ, ಎಮ್ಮೆಯ ಬೆನ್ನ ಮೇಲಿಡುವ ಹಾಗೆ, ಹಗುರಾಗಿ ಇಟ್ಟಳು. ಒಮ್ಮೆ ಬಡಿದಳು. ಮತ್ತೆ ಬಡಿಯಲಿಲ್ಲ.

ಹತ್ತಿ ಹಿಂಜುವಾಗ ಒಂದು ಪೆಟ್ಟಿನ ಸದ್ದು ಸಾಯುವ ಮೊದಲೇ ಇನ್ನೊಂದು ಪೆಟ್ಟು ಬೀಳುತ್ತದೆ. ಸುಮ್ಮನೆ ಬಿಟ್ಟರೆ ಆ ಸದ್ದು ಎಲ್ಲಿಗೆ ಹೋಗುತ್ತದೆಂದು ಊರಲ್ಲಿ ಯಾರೂ ಕೇಳಿದವರಿಲ್ಲ. ನಲವತ್ತು ವರ್ಷ ಬಡಿದ ರಸೂಲಸಾಬನೂ ಕೇಳಿರಲಿಲ್ಲ. ಅದು ಕೆಳಗೆ ಹೋಯಿತು. ಕಟ್ಟಿಗೆಯಿಂದ ಫರ್ಸಿಗೆ, ಫರ್ಸಿಯಿಂದ ಎಲ್ಲರ ಅಂಗಾಲಿಗೆ, ಇನ್ನೂ ಕೆಳಗಿನ ಕರಿಮಣ್ಣಿಗೆ. ಅಲ್ಲಿ ಏನನ್ನೋ ಮುಟ್ಟಿ ನಿಧಾನ ಮೇಲಕ್ಕೆ ತಿರುಗಿತು. ಕಿಟಕಿಯ ಸರಳುಗಳು ಗುಂಯ್‌ಗುಟ್ಟಿದವು. ಅದು ಪೂರ್ತಿ ಆರಿದ ಮೇಲೆ ಅವಳು ಇನ್ನೊಂದು ಬಡಿದಳು. ತಂತಿಯ ಹತ್ತಿ ಎಳೆಎಳೆಯಾಗಿ ಬಿಟ್ಟು, ಕಿಟಕಿಯ ಬಿಸಿಲಲ್ಲಿ ತೇಲಿ, ಗೋಣಿಚೀಲದ ಮೇಲೆ ಇಳಿಯತೊಡಗಿತು. ಚೀಲ ಅಲುಗುತ್ತಿರಲಿಲ್ಲ. ಹೊರಗಿನ ಹೆಂಗಸರು ಹೊತ್ತ ಗಾದಿಯನ್ನು ಯಾವಾಗ ಇಳಿಸಿದರೋ, ಅದರ ಮೇಲೆ ಯಾವಾಗ ಕೂತರೋ ಅವರಿಗೇ ಗೊತ್ತಿಲ್ಲ. ಅಕ್ಕೋರ ಕೈಯ ಪೆನ್ಸಿಲ್ ವಹಿಯ ಮೇಲೆ ಹಾಗೇ ನಿಂತಿತ್ತು.

ಸಂಗೀತ ನಿಂತೊಡನೆ ಕಲ್ಲು ಏಳಬೇಕು. ಏಳನೆಯ ಪೆಟ್ಟು ಆರಿದ ಮೇಲೆ ಜಮೀಲಾಬಿ ಕೊಡತಿ ಇಳಿಸಿದಳು. ಕಲ್ಲು ಏಳಲಿಲ್ಲ.

"ಗುಡದಪ್ಪಾ," ಅಕ್ಕೋರು ಪಿಸುಗುಟ್ಟಿದರು, "ಏಳೋ ತಮ್ಮಾ."

ಚೀಲ ಹಾಗೇ ಇತ್ತು. ತಾಯಿಯ ಪಾತ್ರದ ಹುಡುಗಿ ಹೆದರಿ ಅದರ ಅಂಚು ಎತ್ತಿದಳು. ಗುಡದಪ್ಪ ಕಣ್ಣು ತೆರೆದೇ ಮಲಗಿದ್ದ. ನಗುತ್ತಿರಲಿಲ್ಲ. ಕೈ ಕಾಲು ಸೆಟೆದ ಹಾಗೇ ಇದ್ದವು, ತುಟಿಗಳು ಮಾತ್ರ ಅಲುಗಿದವು.

"ನಿಲ್ಲಸಬ್ಯಾಡ ಜಮೀಲಾ," ಎಂದ. "ಜೀವ ಈಗ ಅಂಗಾಲಿಂದ ಮೊಣಕಾಲತನಾ ಬಂದೈತಿ."