ಜೀಪಿನ ಮುಂದೆ ಎಡೆ

ಜೀಪಿನ ಬಾನೆಟ್ ಮೇಲೆ ಬಾಳೆ ಎಲೆ ಹಾಸಿ, ಎರಡು ಹೋಳಿಗೆ ಇಟ್ಟು, ಧಾರಾಳವಾಗಿ ತುಪ್ಪ ಸುರಿಯುತ್ತಿದ್ದ ಹೆಂಡತಿಯನ್ನು ಕಂಡು ಚನ್ನವೀರಪ್ಪ ಓಡಿಬಂದ. ಟೆಕ್ಸಾಸಿನ ಟೇಲರ್ ಊರಿನ ಮೈದಾನದ ತುಂಬ ಹಳೇ ಮಿಲಿಟರಿ ಗಾಡಿಗಳು ಪ್ರದರ್ಶನಕ್ಕೆ ಸಾಲಾಗಿ ನಿಂತಿದ್ದವು. ಬಹುಮಾನ ಕೊಡುವ ವಾಲ್ಟರ್ ಎರಡು ಗಾಡಿ ಆಚೆ, ಒಂದು ಲಾರಿಯ ಕೆಳಗೆ ಬಗ್ಗಿ ನೋಡುತ್ತಿದ್ದ.

“ಏ, ಏನ್ ಮಾಡಾಕತ್ತಿ? ಎತ್ತು, ಎತ್ತು! ಪೇಂಟಿಗೆ ತುಪ್ಪ ಹತ್ತತೈತಿ!”

“ಹತ್ತಲಿ ಬಿಡ್ರಿ. ಇವತ್ತ ಮಾನಮಿ ಅಮಾಸಿ, ಹಿರೇರಿಗೆ ಎಡಿ ಹಿಡಿಯೂ ದಿನ,” ಎಂದಳು ಶಿವಬಸವ್ವ. “ನಿಮ್ಮಪ್ಪಗ, ನಮ್ಮವ್ವಗ ಮುಂಜಾನೇನ ಮನ್ಯಾಗ ಹಿಡದ ಬಂದೀನಿ. ಈ ಹುಡುಗಗ ಯಾರ ಅದಾರ?”

“ಯಾವ ಹುಡುಗ?”

“ಈ ಗಾಡ್ಯಾಗ ಸತ್ತಾವ.” ಅವಳು ಡ್ರೈವರ್ ಸೀಟಿನ ಪಕ್ಕದ ತಗಡಿನಲ್ಲಿದ್ದ ಮೂರು ತೂತುಗಳ ಕಡೆ ಕೈ ಮಾಡಿದಳು. “ಗುಂಡು ಇಲ್ಲಿ ಹೊಕ್ಕಾವ ಅಂದಮ್ಯಾಲ ಕುಂತಾವ ಏನ್ ಉಳದಾನ್ರಿ? ಯಾವ ತಾಯಿ ಹಡದ ಮಗನೋ ಏನೋ. ಒಂದ ತುತ್ತ ಅನ್ನ ಇಡವರಿಲ್ಲ ಪಾಪ.”

ಚನ್ನವೀರಪ್ಪ ವಾಲ್ಟರ್ ಕಡೆ ಕಳ್ಳನೋಟ ಹಾಯಿಸಿದ. ಆ ತೂತುಗಳು ಹುಟ್ಟಿದ್ದು ಹೋದ ತಿಂಗಳು, ಅವರಿರುವ ಸೈಪ್ರೆಸ್ ಊರಿನ ಅವನದೇ ಗ್ಯಾರೇಜಿನಲ್ಲಿ, ಅವನದೇ ಡ್ರಿಲ್ ಮಶೀನಿನಿಂದ. ಹಾಗಂತ ಮನುಷ್ಯ ಸುಳ್ಳುಗಾರನೇನಲ್ಲ. ಎರಡನೇ ಮಹಾಯುದ್ಧದ ಈ ಜೀಪಿಗೆ ಆ ಕಾಲದ ಬೋಲ್ಟುಗಳೇ ಬೇಕೆಂದು ಟೆಕ್ಸಾಸಿನ ಗುಜರಿಗಳನ್ನೆಲ್ಲ ಅಲೆದವನು. ಟೈರು ಹೊಸದು, ಸೀಟಿನ ಕ್ಯಾನ್ವಾಸ್ ಹೊಸದು ಎಂದು ಕೇಳದವರಿಗೂ ಹೇಳಿಕೊಂಡು ತಿರುಗಿದವನು. ಆದರೆ ಹೋದ ವರ್ಷ ಡಲ್ಲಾಸಿನ ಪ್ರದರ್ಶನದಲ್ಲಿ ಅವನ ಬೋಲ್ಟುಗಳನ್ನು ಒಂದು ನಾಯಿಯೂ ಮೂಸಲಿಲ್ಲ. ಜನವೆಲ್ಲ ಪಕ್ಕದ ಗಾಡಿಯ ಗುಂಡಿನ ಗುರುತಿಗೆ ಮುಗಿಬಿದ್ದು ಫೋಟೋ ತೆಗೆಸಿಕೊಂಡರು, ಬಹುಮಾನವೂ ಅದಕ್ಕೇ ಹೋಯಿತು. ಹೊಟ್ಟೆ ಉರಿಯದೆ ಇರುತ್ತದೆಯೇ? ಡ್ರಿಲ್ ಹಿಡಿದ, ಉಪ್ಪುನೀರು ಬಳಿದು ತುಕ್ಕು ಹಿಡಿಸಿದ, ಹೆಂಡತಿ ಕೇಳಿದಾಗ ಯುದ್ಧದಲ್ಲಿ ಬಿದ್ದ ಗುಂಡು ಎಂದುಬಿಟ್ಟ. ಇಲ್ಲಿಯ ನಿಯಮವೋ ಬಹಳ ಬಿಗಿ. ಅಸಲಿ ಗಾಡಿಗಳ ಸಾಲಿನಲ್ಲಿ ನಿಲ್ಲಿಸಿ ಒಂದೇ ಒಂದು ನಕಲಿ ಮುಚ್ಚಿಟ್ಟರೂ ಗಾಡಿ ಸಾಲಿನಿಂದ ಹೊರಗೆ.

ಶಿವಬಸವ್ವ ಚೀಲದಿಂದ ಹೊಸ ಟವೆಲ್ ತೆಗೆದು ಎಲೆಯ ಪಕ್ಕ ಇಟ್ಟಳು. ಆಮೇಲೆ ಒಂದು ಸಿಗರೇಟ್ ಪ್ಯಾಕು.

“ಇದ್ಯಾಕ?”

“ಸಿಪಾಯಿ ಅಂದಮ್ಯಾಲ ಸೇದತಿರಬೇಕು. ನಮ್ಮ ಅಂಗಡ್ಯಾಗಿಂದ ತಂದೆ.”

ಅಷ್ಟರಲ್ಲಿ ವಾಲ್ಟರ್ ಬಂದೇಬಿಟ್ಟ. ಹೋಳಿಗೆ ನೋಡಿದ, ಸಿಗರೇಟು ನೋಡಿದ, ಇದೇನೆಂದು ಕೇಳಿದ. ಪೆಟ್ರೋಲ್ ಬಂಕಿನ ಅಂಗಡಿಯಲ್ಲಿ ಗಲ್ಲಾ ನೋಡಿಕೊಳ್ಳುವ ಶಿವಬಸವ್ವನಿಗೆ ಇಂಗ್ಲಿಷ್ ನೀರು ಕುಡಿದಷ್ಟು ಸಲೀಸು. ಅಮಾವಾಸ್ಯೆ, ಹಿರಿಯರು, ಗುಂಡು, ದಿಕ್ಕಿಲ್ಲದ ಹುಡುಗ, ಎಲ್ಲವನ್ನೂ ಬಿಡಿಸಿ ಹೇಳಿದಳು. ವಾಲ್ಟರ್ ಮೆಲ್ಲಗೆ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ.

“ಎಷ್ಟೋ ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನಮ್ಮ. ಎಲ್ಲರೂ ಎಂಜಿನ್ ನಂಬರ್ ಹೇಳುತ್ತಾರೆ. ಒಳಗೆ ಕೂತಿದ್ದವನಿಗೆ ಊಟ ತಂದವರನ್ನು ಇವತ್ತೇ ನೋಡಿದ್ದು,” ಎಂದು ಜೇಬಿನಿಂದ ನೀಲಿ ರಿಬ್ಬನ್ ತೆಗೆದ. ಮೊದಲ ಬಹುಮಾನದ ರಿಬ್ಬನ್! ಚನ್ನವೀರಪ್ಪನ ಕೈ ತನ್ನಷ್ಟಕ್ಕೆ ತಾನೇ ಮುಂದೆ ಹೋಯಿತು.

“ಅವನ ಹೆಸರು ಗೊತ್ತಾಗುತ್ತದೆಯೇ ಸರ್?” ಎಂದಳು ಶಿವಬಸವ್ವ.

“ಖಂಡಿತ ಹುಡುಕಿಸುತ್ತೇನೆ. ಮನೆಯವರು ಯಾರಾದರೂ ಇದ್ದರೆ ನಾನೇ ಫೋನ್ ಮಾಡಿ ಹೇಳುತ್ತೇನೆ.”

ಶಿವಬಸವ್ವನ ಕಣ್ಣು ತುಂಬಿಬಂತು. ಗಂಡನ ಕಡೆ ತಿರುಗಿ, “ನನಗೂ ಫೋನ್ ಕೊಡಸ್ರಿ. ನಿಮ್ಮ ಹುಡುಗ ಇವತ್ತ ಉಪಾಸ ಇಲ್ಲ, ಉಂಡಾನ ಅಂತ ಹೇಳತೀನಿ,” ಎಂದಳು.

ಚನ್ನವೀರಪ್ಪನಿಗೆ ಅಲ್ಲಿಗೆ ತಡೆಯಲಾಗಲಿಲ್ಲ. ಯಾವುದೋ ಮನೆಯ ಮುದುಕಿಯೊಬ್ಬಳು ತನ್ನ ಡ್ರಿಲ್ ತೂತಿಗೆ ಅಳುವುದು ಕಣ್ಣಿಗೆ ಕಟ್ಟಿ ನಾಚಿಕೆಯಿಂದ ಸತ್ತೇಹೋದ. ಹೆಂಡತಿಯ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದ.

“ಏ, ಯಾರೂ ಸತ್ತಿಲ್ಲ. ಆ ತೂತು ನಾನ ಹೊಡದದ್ದು, ಡ್ರಿಲ್ಲಿಂದ. ತಪ್ಪಾತು. ಈಗ ಸುಮ್ಮನಿರು, ಮನಿಗೆ ಹೋದಮ್ಯಾಲ ಎಷ್ಟರ ಬೈಯಿ.”

“ಖರೇನ್ರಿ? ಗುಂಡು ಬಿದ್ದಿಲ್ಲ?”

“ಇಲ್ಲ ಮಾರಾಯ್ತಿ.”

“ನನ್ನ ಮ್ಯಾಲ ಆಣಿ?”

“ನಿನ್ನ ಮ್ಯಾಲ ಆಣಿ.”

ಬೈಗುಳಕ್ಕೆ ತಲೆ ತಗ್ಗಿಸಿ ನಿಂತ ಚನ್ನವೀರಪ್ಪನಿಗೆ ಕೇಳಿಸಿದ್ದು ಬೈಗುಳವಲ್ಲ. ಶಿವಬಸವ್ವ ಗರ್ರನೆ ತಿರುಗಿ, ಇಡೀ ಮೈದಾನಕ್ಕೆ ಕೇಳುವಂತೆ ಇಂಗ್ಲಿಷಿನಲ್ಲಿ ಕೂಗಿದಳು: “ಸರ್! ಯಾರೂ ಸತ್ತಿಲ್ಲ! ಗುಂಡೇ ಬಿದ್ದಿಲ್ಲ! ತೂತು ಕೊರೆದವರು ನಮ್ಮ ಯಜಮಾನರು!”

ವಾಲ್ಟರ್ ಟೋಪಿ ಮತ್ತೆ ತಲೆಗೆ ಹಾಕಿಕೊಂಡ. ಬಗ್ಗಿ ಒಂದು ತೂತಿಗೆ ಬೆರಳು ಇಟ್ಟು ನೋಡಿದ. ರಿಬ್ಬನ್ ಜೇಬಿಗೆ ಸೇರಿತು. ಶಿವಬಸವ್ವ ಎಲೆಯ ಮೇಲಿನ ಹೋಳಿಗೆ ಮಡಚಿ ಅವನ ಕೈಗೆ ಕೊಟ್ಟಳು.

“ಇದಾದರೂ ಅಸಲಿಯೋ?” ಎಂದು ಚನ್ನವೀರಪ್ಪನನ್ನೇ ಕೇಳಿ, ಅಗಿಯುತ್ತ ಮುಂದಿನ ಗಾಡಿಗೆ ನಡೆದ. ಅಕ್ಕಪಕ್ಕದವರು ಬಿದ್ದು ಬಿದ್ದು ನಕ್ಕರು.

“ಮಂದ್ಯಾಗ ನನ್ನ ಮಾನಾ ಕಳದಿ,” ಎಂದು ಚನ್ನವೀರಪ್ಪ ಹಲ್ಲು ಕಡಿದ. “ಕೈಯಾಗ ಬಂದ ಬಹುಮಾನಾನೂ ಹೋತು.”

ಶಿವಬಸವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. “ಹೋಗ್ಲಿ ಬಿಡ್ರಿ. ಆ ಹುಡುಗ ಮನಿ ಮುಟ್ಟಿದ್ನಲ್ಲ, ಅಷ್ಟ ಸಾಕು.”