ತಿದ್ದದ ವರದಿ

ಊರಿನ ನಲ್ಲಿ ನೀರಿಗೆ ಚರಂಡಿ ನೀರು ಬೆರೆಯುತ್ತಿದೆ ಎಂದು ನೀರು ಪರೀಕ್ಷಿಸುವ ದಾಕ್ಷಾಯಿಣಿ ವರದಿ ಬರೆದಿದ್ದಳು. ಅದನ್ನು ಓದಿದ ನೀರು ಸರಬರಾಜು ಕಚೇರಿಯ ಎಂಜಿನಿಯರು ಅವಳನ್ನು ಒಳಗೆ ಕರೆದು ಬಾಗಿಲು ಮುಚ್ಚಿದರು.

“ನೀರು ಚಲೋ ಐತಿ ಅಂತ ತಿದ್ದಿ ಕೊಡವ್ವಾ. ಇಲ್ಲಿ ಕಾರ್ಖಾನಿ ಕಟ್ಟಾಕ ಬಂದ ಬಿಸ್ಕತ್ತಿನವ್ರು ಇದನ್ನ ನೋಡಿ ವಾಪಸ್ ಹೋದ್ರ ಮುನ್ನೂರು ಮಂದಿಗೆ ಸಿಗೋ ಕೆಲಸ ತಪ್ಪತೈತಿ. ನಿನ್ನ ತಂಗಿಗೂ!”

ಆದರೂ ಅವಳು ವರದಿಯನ್ನು ತಿದ್ದದೆ ಹೊರಗೆ ಕಾದಿದ್ದ ಕಾರ್ಖಾನೆಯ ಅಧಿಕಾರಿಯ ಕೈಗಿಟ್ಟಳು. ಅವರು ಓದಿ, ಅದನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಎದ್ದರು. ಇಡೀ ಊರಿನ ಅನ್ನ ಕಿತ್ತುಕೊಂಡೆನೇ ಎಂದುಕೊಳ್ಳುತ್ತ ಅವಳು ಅವರ ಹಿಂದೆಯೇ ಹೋದಳು.

“ವಾಪಸ್ ಹೊಂಟ್ರೇನ್ರಿ ಸರ್?”

“ಹೋದ ವಾರ ನಾವೇ ಗುಟ್ಟಾಗಿ ಈ ನೀರನ್ನ ಟೆಸ್ಟ್ ಮಾಡಿಸಿದ್ವಿ, ಮೇಡಂ. ನೀವು ಬರೆದಿರೋದೇ ಅದರಲ್ಲೂ ಬಂದಿತ್ತು. ಪೈಪು ಬದಲಾಯಿಸಬಹುದು. ಆದರೆ ಕಾರ್ಖಾನೆಗೆ ಅಂತ ನೋಡಿದ ಮೂರು ಊರಲ್ಲಿ ನಿಜ ಬರೆದವರು ನೀವೊಬ್ಬರೇ. ಕಾರ್ಖಾನೆ ಇಲ್ಲೇ ಕಟ್ತೀವಿ.”