ಸಾವಕ್ಕನ ಹಿಡಿ

ಶನಿವಾರ ರಾತ್ರಿ ಪಕ್ಕದ ಸಾವಕ್ಕನ ಮನೆಯಲ್ಲಿ ಡಬ್ಬಿಗೆ ಜೋಳ ಬಿದ್ದ ಸದ್ದು ಕೇಳಿ ಎಸ್ತೇರವ್ವ ಎದ್ದು ಕುಳಿತಳು. ದಿನವೂ ಅಡುಗೆಗೆ ಮುನ್ನ ಯಾರಿಗಾಗಿಯಾದರೂ ಪ್ರಾರ್ಥಿಸಿ ಒಂದು ಹಿಡಿ ಜೋಳ ದೇವರಿಗೆಂದು ಡಬ್ಬಿಯಲ್ಲಿ ತೆಗೆದಿಟ್ಟು, ಭಾನುವಾರ ಚರ್ಚಿಗೆ ಒಪ್ಪಿಸುವುದು ಬೆಟಗೇರಿ ಕ್ರೈಸ್ತ ಸಭೆಯ ಹೆಂಗಸರ ರೂಢಿ. ಎಸ್ತೇರವ್ವ ಮಾತ್ರ ಶನಿವಾರ ಒಮ್ಮೆಗೇ ಡಬ್ಬಿ ತುಂಬುತ್ತಿದ್ದಳು.

"ಕೇಳಿದ್ರಿ? ಎಲ್ಲಾರೂ ಹೊಗಳೋ ಸಾವಕ್ಕನೂ ಒಮ್ಮಿಗೇ ತುಂಬಾಕ ಹತ್ಯಾಳ. ನಾಳಿ ಸಭಾದಾಗ ಹೇಳತೀನಿ," ಎಂದು ಗಂಡನಿಗೆ ಹೇಳಿ, ಹೋಗಿ ಕಿಟಕಿಯಲ್ಲಿ ಇಣುಕಿದಳು.

ಮಗ್ಗದ ಕೆಲಸ ಮುಗಿಸಿ ಆಗಷ್ಟೇ ಒಲೆ ಹಚ್ಚಿದ್ದ ಸಾವಕ್ಕ, ಡಬ್ಬಿಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದ್ದಳು. "ಯೇಸಪ್ಪಾ, ಇವತ್ತಿನ ಹಿಡಿನೂ ಎಸ್ತೇರಕ್ಕಂದು. ಆಕಿ ನನ್ನ ಕೂಡ ಮಾತು ಬಿಟ್ಟಾಳ. ಆಕಿ ಮನಸ್ಸಿಗೆ ಸಮಾಧಾನ ಕೊಡು."

"ಏನ ನೋಡಿದಿ?" ಗಂಡ ಕೇಳಿದ.

"ಏನಿಲ್ರಿ."

ಎಸ್ತೇರವ್ವ ತನ್ನ ತುಂಬಿದ ಡಬ್ಬಿಯನ್ನು ಚೀಲಕ್ಕೆ ಸುರಿದು, ಒಂದೇ ಹಿಡಿ ಜೋಳ ಹಿಡಿದು ಕುಳಿತಳು. ಸಾವಕ್ಕನಿಗಾಗಿ ಪ್ರಾರ್ಥಿಸಲು ನೋಡಿದಳು; ಎಷ್ಟು ಹೊತ್ತಾದರೂ ಆಕೆಯ ಹೆಸರು ಬಾಯಿಗೆ ಬರಲಿಲ್ಲ. ಕೊನೆಗೆ ಸದ್ದಾಗದಂತೆ ಜೋಳವನ್ನು ಡಬ್ಬಿಗೆ ಬಿಟ್ಟು, ಈ ಒಂದು ಹಿಡಿಯ ವಿಷಯ ಯಾರಿಗೂ ಹೇಳಬಾರದೆಂದುಕೊಂಡಳು.